ಏಪ್ರಿಲ್‌ನಲ್ಲಿ ಕಟ್ಟಿದ ಗೂಡು

ನಮ್ಮ ಪಕ್ಕದ ಮನೆಯ ಕ್ಲೈವ್ ಟ್ರೆವೆನಾಗೆ ಹಕ್ಕಿಗಳ ಬಗ್ಗೆ ಗೊತ್ತಿಲ್ಲದ ಸಂಗತಿ ಒಂದೂ ಇರಲಿಲ್ಲ. ಹಾಗೆಂದು ಹಕ್ಕಿಗಳು ಹೇಳಿರಲಿಲ್ಲ, ಕ್ಲೈವ್ ಹೇಳಿದ್ದ. ವಿಲ್ಗಾರಾದಂಥ ಸಣ್ಣ ಊರಿನಲ್ಲಿ ಒಬ್ಬ ಮನುಷ್ಯ ಒಂದೇ ಮಾತನ್ನು ಹದಿನೈದು ವರ್ಷ ಗಟ್ಟಿಯಾಗಿ ಹೇಳಿದರೆ ಅದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ನಮ್ಮೂರ ವಾರಪತ್ರಿಕೆಯಲ್ಲಿ ಅವನದೊಂದು ಅಂಕಣ ಬರುತ್ತಿತ್ತು. ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಅವನ ಉಪನ್ಯಾಸ. ನಾನು ಇಪ್ಪತ್ತೇಳು ವರ್ಷ ಶಾಲಾ ಬಸ್ಸು ಓಡಿಸಿದವಳು, ಗದ್ದಲವನ್ನು ಕಿವಿಗೆ ಹಾಕಿಕೊಳ್ಳದೆ ಮುಂದೆ ನೋಡುತ್ತ ಕೂರುವ ವಿದ್ಯೆ ಚೆನ್ನಾಗಿ ಬಲ್ಲವಳು. ಹಾಗಾಗಿ ಅವನ ಒಂದು ಉಪನ್ಯಾಸವನ್ನೂ ತಪ್ಪಿಸಿಕೊಂಡಿಲ್ಲ. ಮುಗಿದ ಮೇಲೆ ಅವನ ಹೆಂಡತಿ ಬೆರಿಲ್ ಮಾಡಿದ ಲ್ಯಾಮಿಂಗ್ಟನ್ ಸಿಗುತ್ತಿತ್ತು. ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಅಂಥ ಕೇಕು ಈ ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲ.

ಭೂಮಿಯ ಈ ದಕ್ಷಿಣದ ಅರ್ಧದಲ್ಲಿ ಋತುಗಳು ತಿರುಗುಮುರುಗು; ಆಗಸ್ಟ್ ಕೊನೆಗೆ ವಸಂತ ಬಂತೆಂದರೆ ನಮ್ಮಲ್ಲಿ ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿಗಳು ಮೊಟ್ಟೆ ಇಡುತ್ತವೆ. ಮೊಟ್ಟೆ ಇಟ್ಟ ಮೇಲೆ ಮರದ ಕೆಳಗೆ ಹಾದುಹೋಗುವ ತಲೆಗಳೆಲ್ಲ ಅವಕ್ಕೆ ಕಳ್ಳನ ತಲೆಗಳೇ. ಹಿಂದಿನಿಂದ ಬಾಣದ ಹಾಗೆ ಬಂದು ಕುಕ್ಕಿ ಹೋಗುತ್ತವೆ. ಅಂಚೆಯವನು ಹೆಲ್ಮೆಟ್ಟಿಗೆ ಮುಳ್ಳುಹಂದಿಯ ಹಾಗೆ ಕಡ್ಡಿ ಸಿಕ್ಕಿಸಿಕೊಂಡು ಬರುತ್ತಾನೆ. ಮಕ್ಕಳು ಖಾಲಿ ಐಸ್‌ಕ್ರೀಮ್ ಡಬ್ಬಿಯ ಹಿಂಬದಿಗೆ ಎರಡು ಕಣ್ಣು ಬರೆದು ತಲೆಗೆ ಕವುಚಿಕೊಳ್ಳುತ್ತಾರೆ. ಕ್ಲೈವ್ ಮಾತ್ರ ತನ್ನ ಬೋಳು ತಲೆಯನ್ನು ಬಿಸಿಲಿಗೆ ಹೊಳೆಯಿಸುತ್ತ, ಕೈ ಹಿಂದೆ ಕಟ್ಟಿಕೊಂಡು ತೋಟದಲ್ಲಿ ತಿರುಗುತ್ತಿದ್ದ.

"ಗೌರವ ಕೊಟ್ರೆ ಗೌರವ ಸಿಗತ್ತೆ ನೋಲಾ. ಅವಕ್ಕೆ ನಾನು ಯಾರು ಅಂತ ಗೊತ್ತು," ಅನ್ನುತ್ತಿದ್ದ.

ಅವನಿಗಿಂತ ಐದು ಹೆಜ್ಜೆ ಹಿಂದೆ ಬೆರಿಲ್ ಬರುತ್ತಿರುತ್ತಿದ್ದಳು. ಇದು ಬೀದಿಗೆಲ್ಲ ಕಾಣುತ್ತಿತ್ತು. ಅವನಿಗೆ ಬೆನ್ನಲ್ಲಿ ಕಣ್ಣಿಲ್ಲದ್ದರಿಂದ ಕಾಣುತ್ತಿರಲಿಲ್ಲ. ಬೆಳಗಿನ ಚಹಾಕ್ಕೆ ಮುಂಚೆಯೇ ಎದ್ದು ಹುಲ್ಲಿಗೆ ನೀರು ಬಿಡುವವಳು ಅವಳು, ಗಟ್ಟಿ ನೆಲವನ್ನು ಮುಳ್ಳುಸಲಿಕೆಯಿಂದ ಸಡಿಲ ಮಾಡುವವಳು ಅವಳು. ಐದು ಹಕ್ಕಿಗಳ ಆ ಸಂಸಾರ ಅವಳ ಕಾಲ ಬುಡದಲ್ಲೇ ನಿಂತು ಬಿಳಿ ಹುಳ ಹೆಕ್ಕಿ ತಿಂದು, ಆಮೇಲೆ ಕತ್ತು ಮೇಲೆತ್ತಿ ಹಾಡುತ್ತಿತ್ತು. ಅವಳು ಮಾತ್ರ ಯಾವ ಅಂಕಣವನ್ನೂ ಬರೆಯಲಿಲ್ಲ. ಬರೆದಿದ್ದರೂ ಅದನ್ನು ಮೊದಲು ತಿದ್ದುವವನು ಕ್ಲೈವ್ ಆಗಿರುತ್ತಿದ್ದ.

ಫೆಬ್ರವರಿ ಕೊನೆಗೆ ಬೆರಿಲ್ ಲಾನ್ಸೆಸ್ಟನ್ನಿನ ತಂಗಿಯ ಮನೆಗೆ ಹೋದಳು. ತಂಗಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ಎರಡು ವಾರ ಅಂದಿದ್ದಳು.

ಅವಳು ಹೋದ ಎಂಟನೇ ದಿನ ಕ್ಲೈವ್‌ನ ಮನೆ ಮುಂದೆ ಒಂದು ಲಾರಿ ನಿಂತಿತು. ಅದರಿಂದ ಹಸಿರು ಜಮಖಾನದ ಸುರುಳಿಗಳಂಥವು ಇಳಿದವು. ಪ್ಲಾಸ್ಟಿಕ್ ಹುಲ್ಲು. ಊರಿನ ತೋಟಗಳ ಸ್ಪರ್ಧೆಯಲ್ಲಿ ಕ್ಲೈವ್ ಮೂರು ವರ್ಷದಿಂದ ಎರಡನೇ ಸ್ಥಾನದಲ್ಲೇ ಕೂತಿದ್ದ. ತೀರ್ಪುಗಾರರು ಪ್ರತಿ ಸಲವೂ 'ಹುಲ್ಲುಹಾಸಿನಲ್ಲಿ ತೂತುಗಳಿವೆ' ಎಂದು ಬರೆಯುತ್ತಿದ್ದರು. ತೂತು ಮಾಡಿದವು ಹಕ್ಕಿಗಳ ಕೊಕ್ಕುಗಳು. ಹಕ್ಕಿಗಳ ಪರಮಮಿತ್ರ ಇದಕ್ಕೆ ಕಂಡುಕೊಂಡ ಪರಿಹಾರ ಅದು.

ಬೇಲಿಯ ಮೇಲೆ ಮೊಣಕೈ ಊರಿ ಕೇಳಿದ: "ಹೇಗಿದೆ? ನೀರು ಬೇಡ, ಕತ್ತರಿಸೋದು ಬೇಡ, ವರ್ಷಪೂರ್ತಿ ಹಸಿರು."

"ಬೆರಿಲ್‌ಗೆ ಹೇಳಿದ್ಯಾ?"

"ಬಂದಾಗ ನೋಡಿ ಖುಷಿಪಡ್ಲಿ ಅಂತ ಹೇಳಿಲ್ಲ."

"ಪಡ್ತಾಳೆ ಪಡ್ತಾಳೆ. ಹಕ್ಕಿಗಳೂ ಖುಷಿಪಡ್ತವಾ?"

"ಅವು ಹೊಂದ್ಕೊಳ್ತವೆ ನೋಲಾ. ಪ್ರಕೃತಿ ಅಂದ್ರೆ ಹೊಂದಾಣಿಕೆ. ಮುಂದಿನ ವಾರದ ಅಂಕಣವೇ ಅದು."

ಮರುದಿನ ಬೆಳಿಗ್ಗೆ ಹಕ್ಕಿಗಳು ಬಂದವು. ಮುದಿ ಗಂಡು ಹಕ್ಕಿ ನಾಲ್ಕು ಹೆಜ್ಜೆ ನಡೆದು, ನೆಲದೊಳಗಿನ ಹುಳದ ಸದ್ದಿಗೆ ಕಿವಿ ಕೊಡುವ ಹಾಗೆ ಕತ್ತು ಓರೆ ಮಾಡಿತು. ಕುಕ್ಕಿತು. ಕೊಕ್ಕು ಪುಟಿದು ಹಿಂದೆ ಬಂತು. ಇನ್ನೊಂದು ಕಡೆ ಕುಕ್ಕಿತು, ಅಲ್ಲೂ ಅದೇ. ಆಮೇಲೆ ಅದು ತಲೆಯೆತ್ತಿ ಕ್ಲೈವ್‌ನ ಅಡುಗೆಮನೆಯ ಕಿಟಕಿಯನ್ನು ಬಹಳ ಹೊತ್ತು ನೋಡಿತು. ಅಂಥ ನೋಟ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅದಾದ ಐದು ನಿಮಿಷಕ್ಕೆ ಏನಾದರೊಂದು ಹಾರಿ ಬರುತ್ತಿತ್ತು.

ಇಲ್ಲಿ ತಿಂಗಳು ಹಿಡಿಯಿತು. ಏಪ್ರಿಲ್ ಬಂದು, ಬೀದಿಯ ಮೇಪಲ್ ಮರಗಳು ಎಲೆ ಉದುರಿಸತೊಡಗಿದ್ದವು. ಮೊಟ್ಟೆಯಿಲ್ಲ, ಮರಿಯಿಲ್ಲ, ಯಾವ ಹಕ್ಕಿಯೂ ಯಾರ ತಂಟೆಗೂ ಹೋಗದ ಕಾಲ. ಪತ್ರಿಕೆ ತರಲು ಗೇಟಿಗೆ ಹೋದ ಕ್ಲೈವ್‌ನ ತಲೆಗೆ ಹಿಂದಿನಿಂದ ಟಪ್ಪೆಂದು ಕೊಕ್ಕಿನ ಏಟು ಬಿತ್ತು. ಆಕಸ್ಮಿಕ ಅಂದುಕೊಂಡ. ಮರುದಿನವೂ ಆಕಸ್ಮಿಕವಾಯಿತು. ಮೂರನೇ ದಿನ ಎರಡು ಸಲ. ಅಂಚೆಯವನು ಬಂದು ಹೋದ, ಗ್ಯಾಸಿನವನು ಬಂದು ಹೋದ, ನಾನು ಬೇಕೆಂದೇ ಎರಡು ಸಲ ಅಡ್ಡಾಡಿ ನೋಡಿದೆ. ನಮ್ಮನ್ನು ಅವು ಕಣ್ಣೆತ್ತಿಯೂ ನೋಡಲಿಲ್ಲ.

ಅದೇ ವಾರ ಅವನ ಹಿತ್ತಲಿನ ಮೂಲೆಯಲ್ಲಿದ್ದ, ನೀಲಗಿರಿ ಜಾತಿಯ ಗಮ್ ಮರದ ತುದಿಯಲ್ಲಿ ಹಕ್ಕಿಗಳು ಏನನ್ನೋ ಕಟ್ಟತೊಡಗಿದವು.

ಕ್ಲೈವ್ ನೆತ್ತಿಗೆ ಪಟ್ಟಿ ಹಚ್ಚಿಕೊಂಡು ಓಡಿಬಂದ. "ಗೂಡು! ಎಲೆ ಉದುರೋ ಕಾಲದಲ್ಲಿ ಗೂಡು! ನೋಲಾ, ಇದನ್ನ ಯಾರೂ ನೋಡಿರ್ಲಿಕ್ಕಿಲ್ಲ!"

"ನಿನ್ನ ತಲೇಲಿ ಇಷ್ಟು ತೂತು ಇರೋದನ್ನೂ ಯಾರೂ ನೋಡಿರಲಿಲ್ಲ ಬಿಡು."

ಮುಂದಿನ ಮೂರು ಅಂಕಣಗಳಲ್ಲಿ ಮೂರು ಸಿದ್ಧಾಂತಗಳು ಬಂದವು. ಮೊದಲನೆಯದರಲ್ಲಿ ತಪ್ಪು ಹವಾಮಾನದ್ದು. ಎರಡನೆಯದರಲ್ಲಿ ಗುಡ್ಡದ ಮೇಲಿನ ಮೊಬೈಲ್ ಗೋಪುರದ್ದು. ಮೂರನೆಯದು ನನಗೆ ಬಹಳ ಹಿಡಿಸಿತು: ಆ ಮುದಿ ಗಂಡು ಹಕ್ಕಿ ಕ್ಲೈವ್‌ನನ್ನು ಸರಿಸಮಾನ ನಾಯಕನೆಂದು ಒಪ್ಪಿಕೊಂಡು ದ್ವಂದ್ವಯುದ್ಧಕ್ಕೆ ಕರೆಯುತ್ತಿದೆಯಂತೆ. ಈ ಅಪೂರ್ವ ದೃಶ್ಯ ನೋಡಲು ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬರಬೇಕೆಂದು ಕೊನೆಯಲ್ಲಿ ಆಹ್ವಾನ. ಕೌನ್ಸಿಲ್ಲಿನ ಪ್ರಾಣಿ ವಿಭಾಗದ ಟೀಗನ್ ಎಂಬ ಹುಡುಗಿಗೆ ಬೇರೆ ಕಾಗದ ಹೋಯಿತು. ಎರಡು ವಾರ ಅಂದಿದ್ದ ಬೆರಿಲ್ ಇನ್ನೂ ಬಂದಿರಲಿಲ್ಲವಾಗಿ ಲ್ಯಾಮಿಂಗ್ಟನ್ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಅಂಗಡಿಯಿಂದ ತಂದೆ.

ಆ ಗುರುವಾರ ಬೆರಿಲ್ ನನಗೆ ಫೋನ್ ಮಾಡಿದಳು.

"ಹಕ್ಕಿಗಳು ಹೇಗಿವೆ ನೋಲಾ?"

"ಕ್ಲೈವ್ ಹೇಗಿದಾನೆ ಅಂತ ಕೇಳಲ್ವೇನೇ?"

"ಅವನ ಬಗ್ಗೆ ಅವನೇ ದಿನಾ ಅರ್ಧ ಗಂಟೆ ಹೇಳ್ತಾನಲ್ಲ."

"ನಿನ್ನ ತಂಗಿ ಸೊಂಟ?"

"ನಿನ್ನೆ ಕುಣಿಯೋಕೆ ಹೋಗಿದ್ಲು."

"ಮತ್ತೆ ವಾಪಸ್ಸು ಬರೋದ್ಯಾವಾಗ?"

"ಇಲ್ಲಿ ನಾನು ಮಾತಾಡಿದ್ರೆ ಇವಳು ಕೇಳಿಸ್ಕೊಳ್ತಾಳೆ ಕಣೇ. ಮಧ್ಯದಲ್ಲಿ ಬಾಯಿ ಹಾಕಲ್ಲ. ನಂಗೆ ಅಭ್ಯಾಸಾನೇ ಇರ್ಲಿಲ್ಲ. ಇನ್ನೊಂದು ಸ್ವಲ್ಪ ದಿನ ಅನುಭವಿಸಿ ಬರ್ತೀನಿ."

ಆಮೇಲೆ ಕೇಳಿದಳು: "ಏಪ್ರಿಲ್‌ನಲ್ಲಿ ಯಾಕೆ ಹೊಡೀತಿವೆ ಅವು? ಏನ್ ಮಾಡ್ದ ಅವನು?"

ಇನ್ನೊಬ್ಬರ ಮನೆಯ ವಿಷಯದಲ್ಲಿ ತಲೆ ಹಾಕಬಾರದು ಅನ್ನುವುದು ನನ್ನ ನಿಯಮ. ಅದನ್ನು ಮುರಿಯಲು ನನಗೆ ಎರಡು ಸೆಕೆಂಡು ಬೇಕಾಯಿತು. ಹುಲ್ಲಿನ ಕಥೆ ಪೂರ್ತಿ ಹೇಳಿದೆ.

"ಆ ಬಿಸಿಲಿಗೆ ಪ್ಲಾಸ್ಟಿಕ್ ಕೆಳಗೆ ಹುಳ ಎಲ್ಲಾ ಬೆಂದು ಹೋಗಿರ್ತವೆ," ಅಂದಳು ಬೆರಿಲ್, ಮೆಲ್ಲಗೆ. ಫೋನ್ ಇಟ್ಟಳು.

ಶನಿವಾರ ನನ್ನನ್ನೂ ಟೀಗನ್‌ಳನ್ನೂ ಬಿಟ್ಟು ಹದಿನೆಂಟು ಜನ ಸೇರಿದರು. ವಿಲ್ಗಾರಾದಲ್ಲಿ ಅದು ಜಾತ್ರೆ. ಕ್ಲೈವ್ ಕೋಟು ಹಾಕಿದ್ದ, ಕೈಯಲ್ಲಿ ಒಂದು ಕೋಲು. ತಲೆಯ ಪಟ್ಟಿಗಳನ್ನು ಕಿತ್ತು ಪೌಡರು ಬಳಿದಿದ್ದ.

"ಟೋಪಿ ಹಾಕ್ಕೊಳ್ಳಿ ಕ್ಲೈವ್," ಅಂದಳು ಟೀಗನ್.

"ನನಗಾ? ನಲವತ್ತು ವರ್ಷದಿಂದ ಇವುಗಳ ಜೊತೆ ಇದೀನಮ್ಮಾ. ಈಗ ಎಲ್ಲರೂ ಆ ಮರದ ತುದಿ ನೋಡಿ. ಮಾನವ ಮತ್ತು ಪಕ್ಷಿಯ ನಡುವಿನ ವಿಶ್ವಾಸ ಅನ್ನೋದು..."

ವಿಶ್ವಾಸ ಅನ್ನುವುದು ಏನೆಂದು ನಮಗೆ ತಿಳಿಯಲೇ ಇಲ್ಲ. ಮುದಿ ಹಕ್ಕಿ ಹಿಂದಿನಿಂದ ಬಂದು ನಡುನೆತ್ತಿಗೆ ಕೊಟ್ಟಿತು. ಕ್ಲೈವ್ ಕೋಲು ಬೀಸುತ್ತ ಓಡಿದ. ಎರಡನೆಯದು ಎದುರಿನಿಂದ ಬಂತು. ತಪ್ಪಿಸಿಕೊಳ್ಳಲು ಬಗ್ಗಿದವನು ನುಣುಪಾದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಜಾರಿ ನೇರವಾಗಿ ತಿಂಡಿ ಮೇಜಿನ ಮೇಲೆ ಬಿದ್ದ. ಎದ್ದಾಗ ಒಂದು ಕಿವಿಯಿಂದ ಗಲ್ಲದವರೆಗೆ ಚಾಕೊಲೇಟು, ಅದರ ಮೇಲೆ ಕೊಬ್ಬರಿ, ನೆತ್ತಿಯಿಂದ ಇಳಿದ ಒಂದು ಸಣ್ಣ ರಕ್ತದ ಗೆರೆ. ಹದಿನೇಳು ಜನ ಫೋನಿನಲ್ಲಿ ಚಿತ್ರ ತೆಗೆದರು. ಹದಿನೆಂಟನೆಯವರಿಗೆ ಫೋನಿರಲಿಲ್ಲ, ಅವರು ಬರೀ ನಕ್ಕರು.

ಟೀಗನ್ ನಗಲಿಲ್ಲ. ದುರ್ಬೀನು ಹಿಡಿದು ಗೂಡನ್ನೇ ನೋಡುತ್ತಿದ್ದಳು. ಆಮೇಲೆ ಗಮ್ ಮರದ ಬುಡಕ್ಕೆ ಹೋಗಿ, ಅಲ್ಲಿ ಇಲಿ ಕಚ್ಚಿದಂತೆ ಹರಿದಿದ್ದ ಹುಲ್ಲುಹಾಸಿನ ಅಂಚನ್ನು ಎತ್ತಿದಳು. ಕೆಳಗಿನ ಮಣ್ಣು ಬೂದಿಯ ಬಣ್ಣದ್ದಾಗಿತ್ತು. ಹುಳಿತ ವಾಸನೆ ಹತ್ತಿರ ನಿಂತವರಿಗೆಲ್ಲ ಬಂತು.

"ಮೇಲಿರೋದು ನಿಮ್ಮ ಹುಲ್ಲೇ ಕ್ಲೈವ್," ಅಂದಳು. "ಎಳೆ ಎಳೆ ಕಿತ್ತು ಒಯ್ದಿವೆ. ಅದ್ರಲ್ಲಿ ಮೊಟ್ಟೆ ಇಡೋ ಲಕ್ಷಣ ಏನೂ ಕಾಣ್ತಿಲ್ಲ. ಊಟದ ತಟ್ಟೆ ಮೇಲೆ ಯಾರೋ ಮುಚ್ಚಳ ಹಾಕಿದಾರೆ, ಅದನ್ನ ಕಿತ್ತು ಹಾಕೋಣ ಅಂತ ಹೊರಟಿರ್ಬೇಕು. ಯಾರು ಹಾಕಿದ್ದು ಅನ್ನೋದೂ ಅವಕ್ಕೆ ಗೊತ್ತಿದ್ದ ಹಾಗಿದೆ. ಮುಖ ನೆನಪಿಟ್ಕೊಳ್ತವೆ ಅಂತ ನೀವೇ ಬರ್ದಿದ್ರಲ್ಲ."

ಗುಂಪಿನಿಂದ ಒಬ್ಬಾಕೆ ಕೇಳಿದಳು: "ಬೆರಿಲ್ ಎಲ್ಲಿ ಕ್ಲೈವ್? ಕಾಣ್ತಾನೇ ಇಲ್ಲ."

"ತಂಗಿ ಮನೇಲಿ."

"ಎರಡು ವಾರ ಅಂದಿದ್ಲು?"

ಕ್ಲೈವ್ ಗಲ್ಲದ ಕೊಬ್ಬರಿ ಒರೆಸಿಕೊಂಡ. "ಹೂಂ," ಅಂದ. ನನಗೆ ನೆನಪಿರುವಂತೆ ಅದು ಅವನು ಆಡಿದ ಅತಿ ಚಿಕ್ಕ ವಾಕ್ಯ.

ಎರಡು ದಿನ ಅವನ ಮನೆಯ ಪರದೆ ಸರಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೊರಗೆ ಕೆರೆಯುವ ಸದ್ದು ಕೇಳಿ ನೋಡಿದರೆ, ಹಕ್ಕಿತಜ್ಞ ಕ್ಲೈವ್ ಟ್ರೆವೆನಾ ವೆನಿಲಾ ಐಸ್‌ಕ್ರೀಮಿನ ಡಬ್ಬಿ ತಲೆಗೆ ಕವುಚಿಕೊಂಡು, ಮಂಡಿಯೂರಿ, ಚಾಕುವಿನಿಂದ ಪ್ಲಾಸ್ಟಿಕ್ ಹುಲ್ಲು ಕೊಯ್ಯುತ್ತಿದ್ದಾನೆ. ಡಬ್ಬಿಯ ಹಿಂದೆ ಎರಡು ಕಣ್ಣು. ಒಂದು ದೊಡ್ಡದು, ಒಂದು ಚಿಕ್ಕದು. ಚಿತ್ರಕಲೆ ಅವನ ಪಾಂಡಿತ್ಯದಲ್ಲಿ ಸೇರಿರಲಿಲ್ಲ. ಐದೂ ಹಕ್ಕಿಗಳು ಬೇಲಿಯ ಮೇಲೆ ಮೇಸ್ತ್ರಿಗಳ ಹಾಗೆ ಕೂತಿದ್ದವು.

ನಾನು ಕೈಗವಸು ತೆಗೆದುಕೊಂಡು ಹೋದೆ. ಒಂದು ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು.

ತಲೆಯೆತ್ತದೆ ಅವನೇ ಶುರು ಮಾಡಿದ: "ನಿನ್ನೆ ಅವಳಿಗೆ ಫೋನ್ ಮಾಡ್ದೆ. ಶನಿವಾರದ್ದು ಹೇಳೋಕೆ ನಾಚಿಕೆ ಆಯ್ತು, ಏನೂ ತೋಚ್ಲಿಲ್ಲ, ಸುಮ್ನಿದ್ದೆ. ಆಗ ಅವಳು ಮಾತಾಡಿದ್ಲು. ಸುಮಾರು ಹೊತ್ತು ಮಾತಾಡಿದ್ಲು ನೋಲಾ. ಅವಳ ದನಿ ಹೀಗಿದೆ ಅನ್ನೋದೇ ಮರ್ತುಹೋಗಿತ್ತು ನಂಗೆ."

ನಾನು ಕೈಗವಸು ಹಾಕಿಕೊಂಡು ಅವನ ಪಕ್ಕ ಮಂಡಿಯೂರಿದೆ. ನಾವಿಬ್ಬರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಹಿತ್ತಲು ಕಿತ್ತೆವು. ಕುಕ್ಕಿಸಿಕೊಂಡದ್ದು ಒಂದೇ ಸಲ, ಅದೂ ಡಬ್ಬಿಗೆ.

ಮೇ ತಿಂಗಳಲ್ಲಿ ಬೆರಿಲ್ ಬಂದಳು. ಬಸ್ ನಿಲ್ದಾಣಕ್ಕೆ ಹೋಗಿ ಕರೆತಂದವಳು ನಾನು. ಬೋಳು ಮಣ್ಣಿನ ಅಂಗಳದಲ್ಲಿ ಕ್ಲೈವ್ ಕೋಟು ಹಾಕಿಕೊಂಡು ನಿಂತಿದ್ದ. ಅವಳು ನೆಲ ನೋಡಿದಳು, ಅವನನ್ನು ನೋಡಿದಳು, ಪೆಟ್ಟಿಗೆ ಎತ್ತಿಕೊಂಡು ನನ್ನ ಮನೆಯ ಮೆಟ್ಟಿಲು ಹತ್ತಿದಳು.

"ಹುಲ್ಲು ಬರೋವರೆಗೂ ಇಲ್ಲೇ ಇರ್ತೀನಿ," ಅಂದಳು ಬಾಗಿಲಲ್ಲಿ ನಿಂತು. "ನಿಜವಾದ್ದು."

ಕ್ಲೈವ್ ಆಕಾಶ ನೋಡಿದ. ಚಳಿಗಾಲ ಬಾಗಿಲಿಗೆ ಬಂದಿತ್ತು. ನಮ್ಮ ಎತ್ತರದ ಊರಿನಲ್ಲಿ ಜೂನ್ ಜುಲೈ ಪೂರ್ತಿ ನೆಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಆ ಕಾಲದಲ್ಲಿ ಹುಲ್ಲು ಬೆಳೆಸಲು ಹೊರಟವನನ್ನು ನೋಡಿ ಊರು ಇನ್ನೊಂದು ಸುತ್ತು ನಕ್ಕಿತು. ಅವನು ಬೀಜ ಹಾಕಿದ, ಚೀಲ ಹೊದೆಸಿದ, ಮತ್ತೆ ಹಾಕಿದ. ಸಂಜೆ ಸಂಜೆ ಬೇಲಿಗೆ ಬಂದು ನಿಂತು ಕೇಳುತ್ತಿದ್ದ: "ಬೆರಿಲ್, ನೀರು ಎಷ್ಟು ಹಾಕ್ಬೇಕು?" ಅವಳು ಹೇಳುತ್ತಿದ್ದಳು. ಅವನು ಬಾಯಿ ತೆರೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಆ ವಯಸ್ಸಿಗೆ ಅದೊಂದು ದೊಡ್ಡ ಕಸರತ್ತು. ಕತ್ತಿನ ನರಗಳು ಉಬ್ಬುತ್ತಿದ್ದುದು ನನಗೆ ಅಡುಗೆಮನೆಯಿಂದಲೇ ಕಾಣುತ್ತಿತ್ತು. ಪತ್ರಿಕೆಯವರು ಅಂಕಣ ಬರೆಯಲು ಬೆರಿಲ್‌ಳನ್ನು ಕೇಳಿದರು. ತನಗೆ ಹಕ್ಕಿ ನೋಡುವ ಕೆಲಸವಿದೆ, ಪುರುಸೊತ್ತಿಲ್ಲ ಅಂದಳು.

ಸೆಪ್ಟೆಂಬರಿನಲ್ಲಿ ಅಲ್ಲಲ್ಲಿ ಹಸಿರು ಚಿಗುರಿತು. ಚೆಂದವಾಗಿಯೇನೂ ಇರಲಿಲ್ಲ, ಚರ್ಮರೋಗ ಬಂದ ನಾಯಿಯ ಬೆನ್ನಿನ ಹಾಗಿತ್ತು. ಆ ವರ್ಷದ ಸ್ಪರ್ಧೆಯಲ್ಲಿ ಕ್ಲೈವ್‌ಗೆ ಹನ್ನೊಂದನೇ ಸ್ಥಾನ ಬಂತು. ಇದ್ದದ್ದೇ ಹನ್ನೊಂದು ತೋಟ. ಹಕ್ಕಿಗಳು ಆ ವಸಂತದಲ್ಲಿ ಅವನನ್ನು ಹೊಡೆದವು, ಅಂಚೆಯವನನ್ನೂ ಹೊಡೆದವು, ನನ್ನನ್ನೂ ಬಿಡಲಿಲ್ಲ. ಎಲ್ಲರಿಗೂ ಸಮಪಾಲು ಸಿಕ್ಕಿತು.

ಒಂದು ಮಂಗಳವಾರ ಬೆಳಿಗ್ಗೆ ಬೆರಿಲ್ ಪೆಟ್ಟಿಗೆ ಹಿಡಿದು ಬೇಲಿಯ ಸಣ್ಣ ಗೇಟು ದಾಟಿದಳು. ನನಗೆ ಥ್ಯಾಂಕ್ಸ್ ಹೇಳಿದಳು. ನಾನು ಅವಳು ಮಲಗುತ್ತಿದ್ದ ಕೋಣೆಯ ಹಾಸಿಗೆ ಬಟ್ಟೆ ಒಗೆದು ಹೊರಗೆ ಒಣಗಿಸಲು ಹೋದೆ. ಸ್ವಲ್ಪ ಬೇಸರವಾಯಿತು, ಸುಳ್ಳು ಹೇಳಬಾರದು, ಇಷ್ಟು ತಿಂಗಳು ಚಹಾಕ್ಕೆ ಜೊತೆಯಿತ್ತು. ಅವರ ಅಡುಗೆಮನೆಯ ಕಿಟಕಿ ತೆರೆದಿತ್ತು. ಬೆರಿಲ್ ಕ್ಲೈವ್‌ಗೆ ಏನೋ ಹೇಳುತ್ತಿದ್ದಳು. ಬಹಳ ಹೊತ್ತು ಹೇಳಿದಳು. ನಾನು ಒಂದು ದಿಂಬಿನ ಚೀಲವನ್ನು ಮೂರು ಸಲ ಕೊಡವಿದೆ, ಆದರೂ ಇನ್ನೊಂದು ದನಿ ಕೇಳಿಸಲಿಲ್ಲ.