ತೊಳೆದಿಟ್ಟ ಬಾಟಲಿ

ಪುಟ್ಟಮಲ್ಲಮ್ಮ ಬಾಟಲಿಯನ್ನು ಸೆರಗಿನಲ್ಲಿ ಒರೆಸಿ ಮಂಚದ ಮೇಲಿಟ್ಟಾಗ ಉಷಾರಾಣಿಗೆ ಅಳು ಬರುವುದೊಂದೇ ಬಾಕಿ.

ಬಾಟಲಿ ಫಳಫಳ ಹೊಳೆಯುತ್ತಿತ್ತು. ಮೈಮೇಲೆ ಕಾಗದದ ಚೂರೂ ಉಳಿದಿರಲಿಲ್ಲ. ಒಳಗೆ ಕತ್ತಿನವರೆಗೆ ತುಪ್ಪ.

“ಕಾಗದ ಎಲ್ಲಿ ಅಕ್ಕ?”

“ಅದ ಬುಡಿಸೋಕೆ ನನ್ನ ಸೊಸೆ ರಮ್ಯ ಎಷ್ಟು ಒದ್ದಾಡುದ್ಲು ಅಂತೀರಿ. ಬಿಸಿನೀರಲ್ಲಿ ನೆನೆಯಾಕಿ, ಬೂದಿ ಆಕಿ ತಿಕ್ಕಿ, ಆಮೇಲೆ ಬಂತು. ಕಾಲೇಜು ಮೇಡಮ್ನೋರ ಕೈಗೆ ಗಲೀಜು ಬಾಟ್ಲಿ ಕೊಡಕಾಯ್ತದಾ?”

“ಈ ತುಪ್ಪ?”

“ಬರೀ ಬಾಟ್ಲಿ ಕೊಟ್ಟು ಕಳಿಸಬಾರ್ದು ಕಣ್ರವ್ವ. ನಮ್ಮ ಎಮ್ಮೇದೇ. ಊಟಕ್ಕೆ ಆಕ್ಕಳಿ.”

ತಪ್ಪು ಯಾರದೂ ಅಲ್ಲ. ಫೋನಿನಲ್ಲಿ ‘ಬಾಟಲಿ ಎತ್ತಿಡಿ, ಬರ್ತೀನಿ’ ಎಂದಷ್ಟೇ ಹೇಳಿದ್ದರು ಉಷಾರಾಣಿ. ‘ತೊಳೆಯಬೇಡಿ’ ಎನ್ನಲು ಮರೆತಿದ್ದರು. ಅದೂ ಎಷ್ಟು ವರ್ಷ ಬಾಟಲಿಗಳ ಹಿಂದೆ ಅಲೆದ ಮೇಲೆ.

ಕೆ.ಆರ್. ನಗರದಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತರಾದಾಗಿನಿಂದ ಅವರಿಗೆ ಇದೇ ಗೀಳು. ಪಾನನಿರೋಧದ ಕಾಲದ ವಿಸ್ಕಿ ಬಾಟಲಿ ಎಲ್ಲಿದೆಯೆಂದು ತಿಳಿದರೂ ಹುಣಸೂರಿನ ಮನೆಯಿಂದ ಬಸ್ಸು ಹತ್ತುತ್ತಿದ್ದರು. ಗಾಜು ಎರೆದ ಅಚ್ಚಿನ ಗೆರೆ ಬಾಯಿಯವರೆಗೆ ಬಂದಿದೆಯೋ ಕತ್ತಿನಲ್ಲೇ ನಿಂತಿದೆಯೋ ನೋಡಿ, ಬುಡದಲ್ಲಿ ಉಬ್ಬಿದ ಗುರುತನ್ನು ಬೆರಳಿನಿಂದ ತಡವಿ, ಅದು ಯಾವ ಕಾಲದ್ದೆಂದು ಅಂದಾಜು ಮಾಡುತ್ತಿದ್ದರು. ಆದರೆ ಮೈಮೇಲೆ ಅಂಟಿಸಿದ ಚೀಟಿ ಉಳಿದ ಬಾಟಲಿ ಒಂದೂ ಸಿಕ್ಕಿರಲಿಲ್ಲ. ವೀರನಹೊಸಹಳ್ಳಿಯಲ್ಲಿ ಸಿಕ್ಕಿದ್ದರಲ್ಲಿ ಜೇನುತುಪ್ಪವಿತ್ತು, ಎಚ್.ಡಿ. ಕೋಟೆಯದರಲ್ಲಿ ಹರಳೆಣ್ಣೆ. ಹೆಂಡದ ಕಾಗದ ಮನೆಯೊಳಗೆ ಇರಬಾರದೆಂದು ಎಲ್ಲ ಮನೆಯ ಹೆಂಗಸರೂ ಮೊದಲು ಮಾಡಿದ್ದು ಅದನ್ನು ಕೀಳುವ ಕೆಲಸ.

ಇಷ್ಟು ದಿನ ಅದು ಬರಿಯ ಹವ್ಯಾಸ. ಈಗ ಹಾಗಲ್ಲ. ಪಿರಿಯಾಪಟ್ಟಣದಲ್ಲಿ ಪಾಳುಬಿದ್ದಿದ್ದ ಹಳೆಯ ಡಿಸ್ಪೆನ್ಸರಿಯ ಹಿಂದೆ ಪಾಯ ತೋಡುವಾಗ ಚಪ್ಪಟೆ ಬಾಟಲಿಗಳ ರಾಶಿಯೇ ಸಿಕ್ಕಿತ್ತು. ಊರಿನ ಸ್ಮರಣ ಸಂಚಿಕೆಯ ಸಂಪಾದಕ ಶಶಿಕುಮಾರ್, ಅಚ್ಚಾಗಲಿರುವ ಪುಟಗಳಲ್ಲಿ ಅದರ ಫೋಟೊ ಹಾಕಿ, ‘ಪಾನನಿರೋಧದ ದಿನಗಳಲ್ಲಿ ಇಲ್ಲಿನ ಕಾಂಪೌಂಡರೇ ಕಳ್ಳ ವಿಸ್ಕಿ ಮಾರುತ್ತಿದ್ದರು’ ಎಂದು ಬರೆದಿದ್ದರು. ಆ ಕಾಂಪೌಂಡರ್ ಶಿವನಂಜಪ್ಪ, ಉಷಾರಾಣಿಯ ತಂದೆ.

ಡಿಸ್ಪೆನ್ಸರಿಯಲ್ಲಿ ವಿಸ್ಕಿಯಿದ್ದದ್ದು ನಿಜ. ಎದೆಯಲ್ಲಿ ಶೀತ ಕಟ್ಟಿದವರಿಗೆ ಡಾಕ್ಟರು ಬರೆದುಕೊಟ್ಟರೆ ಔಷಧವಾಗಿ ಅಳೆದು ಕೊಡುತ್ತಿದ್ದರು. ಬಾಟಲಿಗೆ ರೋಗಿಯ ಹೆಸರು, ಎಷ್ಟು ಚಮಚ, ಯಾವ ಡಾಕ್ಟರು ಎಂದು ಅಪ್ಪ ತಮ್ಮ ಕೈಯಲ್ಲೇ ಬರೆದು ಅಂಟಿಸುತ್ತಿದ್ದರು. ಆದರೆ ಗಾಜು ತನ್ನ ವಯಸ್ಸನ್ನಷ್ಟೇ ಹೇಳುತ್ತದೆ. ಅಪ್ಪ ಅಂಟಿಸಿದ ಆ ಚೀಟಿ ಬೇಕು.

ಹೋದ ವಾರ ಒಂದು ಮದುವೆಯಲ್ಲಿ ಹಾರನಹಳ್ಳಿಯ ಈ ಪುಟ್ಟಮಲ್ಲಮ್ಮ ತಾವಾಗಿಯೇ ಬಂದು ಕೈಹಿಡಿದು, “ನಿಮ್ಮಪ್ಪಾರು ಕೊಟ್ಟ ಬಾಟ್ಲಿ ನಮ್ಮ ಅಟ್ಟದ ಮ್ಯಾಲೆ ಅದೆ, ಕಾಗದ ಅಂಗೇ ಅಂಟ್ಕಂಡದೆ” ಎಂದಿದ್ದರು.

ಈಗ ನೋಡಿದರೆ ತುಪ್ಪ.

“ಬ್ಯಾಜಾರಾಯ್ತಾ?” ಪುಟ್ಟಮಲ್ಲಮ್ಮನ ಮುಖ ಸಣ್ಣಗಾಗಿತ್ತು. ಉಷಾರಾಣಿ ಇಲ್ಲವೆನ್ನಲು ಹೋದವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಂಚಿಕೆ ನಾಳೆ ಅಚ್ಚಿಗೆ ಹೋಗುತ್ತದೆ. ಇವತ್ತು ಆಧಾರ ತೋರಿಸದಿದ್ದರೆ ಆ ಮಾತು ಹಾಗೆಯೇ ಉಳಿಯುತ್ತದೆ.

ಪುಟ್ಟಮಲ್ಲಮ್ಮ ನೆಲಕ್ಕೆ ಕುಳಿತರು. “ಕಳ್ಳ ಮಾಲು ಮಾರೋರಾ ಅವ್ರು? ನಮ್ಮಜ್ಜಿಗೆ ಶೀತ ಆದಾಗ ಅವ್ವನ ಜೊತೆ ನಾನೇ ಓಗಿದ್ದೆ, ಗಾಡಿ ಕಟ್ಟಿಸ್ಕಂಡು. ಡಾಕ್ಟ್ರ ಚೀಟಿ ಎಲ್ಲಿ ಅಂದ್ರು. ಅವ್ವ ತಂದಿರ್ಲಿಲ್ಲ. ಚೀಟಿ ಇಲ್ದೆ ಒಂದು ತೊಟ್ಟೂ ಕೊಡಲ್ಲ ತಾಯಿ ಅಂದ್ಬುಟ್ರು. ಅವ್ವ ಅತ್ಕಂಡು ಕೂತ್ಲು. ಆಮೇಲೆ ನಿಮ್ಮಪ್ಪಾರೇ ನಮಗೆ ಮಜ್ಜಿಗೆ ಕೊಡಿಸಿ, ಸೈಕಲ್ ಅತ್ಕಂಡು ಡಾಕ್ಟ್ರ ಮನೆಗೋಗಿ ಬರೆಸ್ಕಂಡು ಬಂದ್ರು. ಅಂತೋರ್ನ ಏನಂದಾನು ಅವ್ನು?”

ಉಷಾರಾಣಿಗೆ ಗೊತ್ತಿರದ ಸಂಗತಿ ಅದು. ಅಪ್ಪ ಸೈಕಲ್ ತುಳಿಯುತ್ತಾ ಹೋದದ್ದು ಕಣ್ಣಿಗೆ ಕಟ್ಟಿತು. ತಕ್ಷಣ ಶಶಿಕುಮಾರರಿಗೆ ಫೋನ್ ಮಾಡಿ ಕೇಳಿದ್ದನ್ನು ಹೇಳಿದರು.

“ಮೇಡಂ, ನಿಮ್ಮ ಸಂಕಟ ಅರ್ಥ ಆಗ್ತದೆ. ಆದ್ರೆ ಫೋನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದಲ್ವಾ? ಬಾಟ್ಲಿ ಸಿಕ್ತು ಅಂದಿದ್ರಿ.”

“ಸಿಕ್ಕಿದೆ. ತೊಳೆದುಬಿಟ್ಟಿದ್ದಾರೆ.”

ಆ ಕಡೆಯಿಂದ ನಗು ತಡೆದ ಸದ್ದು. “ಕಣ್ಣಾರೆ ಕಂಡೋರು ಇದ್ರೆ ಪ್ರೆಸ್ಸಿಗೆ ಬಂದು ನನ್ನ ಮುಂದೆ ಹೇಳ್ಲಿ. ಬರೆದು ಸೈನ್ ಹಾಕ್ಲಿ. ಸಂಜೆವರೆಗೆ ಇರ್ತೀನಿ.”

ಹೋಗೋಣವೆಂದು ಉಷಾರಾಣಿ ಎದ್ದರೆ ಪುಟ್ಟಮಲ್ಲಮ್ಮ ಏಳಲಿಲ್ಲ. ಹಿತ್ತಿಲ ಕಡೆ ಕೈ ತೋರಿಸಿದರು. ಅಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ನಿಂತಿತ್ತು, ಒಲೆ ಉರಿಯುತ್ತಿತ್ತು. “ಬೆಂಕಿ ಬುಟ್ಟು ಎಲ್ಗೋಗ್ಲಿ? ಮಗ ಸೊಪ್ಪು ಮುರಿಸೋಕೆ ಒಲಕ್ಕೋದೋನು ಕತ್ಲಾದ್ಮೇಲೆ ಬರೋದು. ಕಾವು ಇಳುದ್ರೆ ಸೊಪ್ಪು ಕಪ್ಪಾಯ್ತದೆ, ವರ್ಸದ ಬೆಳೆ.”

ಅವರು ಹೇಳಿದ್ದು ಸರಿ. ಸರಿಯಾಗಿದ್ದುದಕ್ಕೇ ಉಷಾರಾಣಿಗೆ ಇನ್ನಷ್ಟು ರೇಗಿತು. ಬ್ಯಾರನ್ನಿನ ಗೋಡೆಯ ಪುಟ್ಟ ಗಾಜಿನ ಕಿಂಡಿಯೊಳಗೆ ಫ್ಯಾರನ್‌ಹೀಟ್ ಥರ್ಮಾಮೀಟರು ತೂಗುತ್ತಿತ್ತು.

“ಎಷ್ಟಿರಬೇಕು?”

“ನೂರಿಪ್ಪತ್ತರಿಂದ ಇಳೀಬಾರ್ದು. ನೂರಿಪ್ಪತ್ತೈದು ದಾಟಬಾರ್ದು.”

“ಕಾಲೇಜು ಲ್ಯಾಬಲ್ಲಿ ಜೀವಮಾನವೆಲ್ಲ ಮಾಡಿದ್ದು ಇದೇ ಕೆಲಸ ಅಕ್ಕ. ನಾನು ನೋಡಿಕೊಳ್ತೀನಿ. ನೀವು ಹೋಗಿ ಬನ್ನಿ.”

“ನೀವಾ? ಸೌದೆ ಇಡ್ತೀರಾ?”

“ಇಡ್ತೀನಿ.”

“ಸೀರೆ ಮಸಿಯಾಯ್ತದೆ.”

“ಆಗಲಿ.”

ಪುಟ್ಟಮಲ್ಲಮ್ಮ ತಮ್ಮ ಹಳೆಯ ಸೀರೆಯೊಂದನ್ನು ತಂದು ಕೊಟ್ಟು, ಒಲೆಯ ಮುಂದೆ ಕುರ್ಚಿ ಹಾಕಿ, ಪಕ್ಕದಲ್ಲಿ ನೀರಿನ ಚೊಂಬಿಟ್ಟರು. ಆಮೇಲೆ ವಿಭೂತಿ ಇಟ್ಟುಕೊಂಡು ರಮ್ಯಳ ಸ್ಕೂಟರಿನ ಹಿಂದೆ ಕುಳಿತರು. ಗೇಟು ದಾಟುವಾಗಲೂ, “ದಪ್ಪನ ಸೌದೆ ಒಂದೇ ಸಲ ತುರುಕ್‌ಬ್ಯಾಡಿ” ಎನ್ನುತ್ತಿದ್ದರು.

ಮಧ್ಯಾಹ್ನವೆಲ್ಲ ಉಷಾರಾಣಿ ಕಿಂಡಿಗೂ ಒಲೆಗೂ ನಡೆದರು. ಹೊಗೆಗೆ ಕಣ್ಣುರಿ. ತಂದೆಯ ಮರ್ಯಾದೆಯ ಮಾತು ಅಲ್ಲೆಲ್ಲೋ ನಡೆಯುತ್ತಿದೆ, ತಾವು ಇಲ್ಲಿ ಯಾರದೋ ಸೊಪ್ಪು ಕಾಯುತ್ತಿದ್ದೇವೆ. ಒಮ್ಮೆ ಫೋನ್ ಮಾಡಿದರು, ರಮ್ಯ ಎತ್ತಲಿಲ್ಲ. ಕಾವು ನೂರಹತ್ತೊಂಬತ್ತಕ್ಕೆ ಇಳಿದಾಗ ಗಾಬರಿಯಾಗಿ ಸೌದೆ ಒಡ್ಡಿದರು, ಅಂಗೈಗೆ ಸಿಬಿರು ಚುಚ್ಚಿತು.

ಬಿಸಿಲು ಬಾಗಿದ ಮೇಲೆ ಫೋನ್ ಬಂತು. ಪುಟ್ಟಮಲ್ಲಮ್ಮನ ದನಿ.

“ಏಳ್ದೆ ಕಣ್ರವ್ವ. ಎಲ್ಲಾನೂ ಏಳ್ದೆ. ಸೈನೂ ಆಕ್ದೆ. ಆ ಮಾತು ತೆಗೀತೀನಿ ಅಂದ.”

ಉಷಾರಾಣಿ ಕುರ್ಚಿಯ ಮೇಲೆ ಕುಳಿತರು. “ತೆಗೆದರಾ?”

“ತೆಗೆದ. ಆದ್ರೆ ಡಿಸ್ಪೆನ್ಸರಿ ಇಸ್ಯನೇ ಪೂರ್ತಿ ತೆಗೆದುಬುಟ್ಟ. ರಗಳೆ ಬ್ಯಾಡ ಅಜ್ಜಿ ಅಂತಾನೆ. ಸೈಕಲ್ ಅತ್ಕಂಡೋಗಿದ್ದನ್ನ ಬರಿ ಕಣಪ್ಪ ಅಂದ್ರೆ, ಜಾಗ ಇಲ್ಲ ಅಂದ.”

“ಅಪ್ಪನ ಹೆಸರು?”

“ಅದೂ ಓಯ್ತು. ಆ ಜಾಗಕ್ಕೆ ಯಾವ್ದೋ ಗೊಬ್ಬರದಂಗಡಿ ಜಾಹೀರಾತಂತೆ.”

ಇನ್ನು ಅಪ್ಪ ಕಳ್ಳರಲ್ಲ. ಆ ಊರಿನಲ್ಲಿ ಇದ್ದವರೂ ಅಲ್ಲ.

“ಬಯ್ದೆ ಬುಡಿ,” ಪುಟ್ಟಮಲ್ಲಮ್ಮ ಮೆಲ್ಲಗೆ ಹೇಳಿದರು. “ಪ್ರೆಸ್ಸಿನ ಹುಡುಗರೆಲ್ಲ ತಿರುಗಿ ನೋಡೋ ಅಂಗೆ ಬಯ್ದೆ. ಕಾವು ಎಷ್ಟದೆ?”

ಉಷಾರಾಣಿ ಎದ್ದು ಕಿಂಡಿಯಲ್ಲಿ ಇಣುಕಿದರು. “ನೂರಿಪ್ಪತ್ತೊಂದು.”

“ಚೆನ್ನಾಗಿ ನೋಡ್ಕಂಡಿದ್ದೀರಿ. ಬಂದ್ವಿ ಇರಿ.”

ಉಷಾರಾಣಿ ಫೋನ್ ಇಟ್ಟು, ಕೈಗೆ ಸಿಕ್ಕಿದ ದಪ್ಪನ ಸೌದೆಯನ್ನು ಒಲೆಗೆ ಸಿಟ್ಟಿನಿಂದ ನೂಕಿದರು. ಕಿಡಿ ಎದ್ದಿತು. ಕಿಂಡಿಯ ಕಡೆ ಕಣ್ಣು ಹಾಯಿಸಿ, ಆಮೇಲೆ ಬಗ್ಗಿ, ಕೆಮ್ಮುತ್ತಾ, ಅದನ್ನು ಅರ್ಧ ಹೊರಕ್ಕೆ ಎಳೆದರು.