ಗಾಜಿನಾಚೆಯ ಸಂದರ್ಶನ

ಶಾಲೆಯಲ್ಲಿ ವಾರಕ್ಕೊಮ್ಮೆ ‘ಬದುಕಿನ ತಯಾರಿ’ ಎಂಬ ಪೀರಿಯಡ್ ಇತ್ತು. ಬೇರೆಯವರ ಕೈಗೆ ಕೊಟ್ಟಿದ್ದರೆ ಅದು ತೂಕಡಿಕೆಯ ಪೀರಿಯಡ್ ಆಗಿರುತ್ತಿತ್ತು. ವಿಜ್ಞಾನದ ಟೀಚರು ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡರು. ಮಕ್ಕಳು ಬೆನ್ನ ಹಿಂದೆ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದರು. ಯಾರ ಮೂಗು ಸೋರಿದರೂ ಕರವಸ್ತ್ರ ಹಿಡಿದು ನಿಲ್ಲುವ ಜೀವ ಅದು.

ಶಾಲೆ ಮುಗಿಸುತ್ತಿರುವ ಒಬ್ಬರಿಗೆ ಕೆಲಸ ಕಲಿಸಿ ಇಟ್ಟುಕೊಳ್ಳುತ್ತೇನೆ ಎಂದು ಕನ್ನಡಕದಂಗಡಿಯ ಯಜಮಾನಿ ಹೇಳಿಕಳಿಸಿದಾಗ, ದೊಡ್ಡಮ್ಮ ಮೂರು ಹುಡುಗಿಯರನ್ನು ಆರಿಸಿದರು. ಮನಸ್ಸೆಲ್ಲ ಮೂವರಲ್ಲೊಬ್ಬಳಾದ ಗುಬ್ಬಿಯ ಮೇಲೆ. ಹಾಜರಿ ಕೂಗಿದರೂ ‘ಎಸ್ ಮಿಸ್’ ಗಂಟಲಲ್ಲೇ ಉಳಿಯುವ ಹುಡುಗಿ. ಈ ಜಾಗ ತಪ್ಪಿದರೆ ಮನೆಯ ಮೂಲೆ ಹಿಡಿದು ಕೂರುತ್ತಾಳೆ, ಆಮೇಲೆ ಅವಳನ್ನು ಎಬ್ಬಿಸುವವರು ಯಾರು ಎಂಬ ಭಯ ದೊಡ್ಡಮ್ಮನಿಗೆ. ಅದಕ್ಕೇ ವಾರವಿಡೀ ಮೂವರಿಗೂ ಸಂದರ್ಶನದ ಉತ್ತರಗಳನ್ನು ಉರು ಹೊಡೆಸಿದರು.

ಅಂಗಡಿಯ ಹಿಂಬದಿಯ ಗಾಜಿನ ಕೋಣೆಯಲ್ಲಿ ಸಂದರ್ಶನ ನಡೆಯಿತು. ದೊಡ್ಡಮ್ಮ ಹೊರಗೆ, ಫ್ರೇಮುಗಳ ಕಪಾಟಿನ ಪಕ್ಕದ ಸ್ಟೂಲಿನ ಮೇಲೆ. ನಿನ್ನ ಕೊರತೆ ಏನು ಎಂದು ಕೇಳಿದ್ದಕ್ಕೆ ಮೊದಲಿಬ್ಬರೂ ಒಂದೇ ಪಾಠ ಒಪ್ಪಿಸಿದರು.

“ಕೆಲ್ಸಕ್ಕೆ ಕೂತ್ರೆ ಊಟ ತಿಂಡಿ ಮರ್ತುಬಿಡ್ತೀನಿ ಮೇಡಂ.”

ಎರಡನೆಯವಳನ್ನು ಕಳಿಸುತ್ತ ಯಜಮಾನಿ ಬಾಗಿಲಿನಿಂದ ತಲೆ ಹೊರಹಾಕಿದಳು. “ಏನ್ ಟೀಚರ್, ನಿಮ್ ಶಾಲೇಲಿ ಯಾರಿಗೂ ಹಸಿವೇ ಆಗಲ್ವಾ?”

ದೊಡ್ಡಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಅಷ್ಟರಲ್ಲಿ ಗುಬ್ಬಿ ಒಳಗೆ ಹೋಗಿ ಕೂತಾಗಿತ್ತು. ಅದೇ ಉತ್ತರ ಇವಳೂ ಹೇಳಿದರೆ ಕಥೆ ಮುಗಿದಂತೆಯೇ! ದೊಡ್ಡಮ್ಮ ಎದ್ದು ಗಾಜಿಗೆ ಹತ್ತಿರ ನಿಂತು, ‘ಊಟ ಬೇಡ, ಬೇರೆ ಹೇಳು’ ಎಂದು ಕೈಬಾಯಿ ಎಲ್ಲ ಆಡಿಸಿದರು. ಗುಬ್ಬಿ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಎದ್ದು ನಿಂತಳು. ಓಡಿಬರುತ್ತಾಳೆ ಎಂದು ದೊಡ್ಡಮ್ಮ ಬಾಗಿಲ ಕಡೆ ಹೆಜ್ಜೆ ಇಟ್ಟರು.

ಗುಬ್ಬಿ ಕುರ್ಚಿಯನ್ನು ಯಜಮಾನಿಯ ಕಡೆಗೆ ತಿರುಗಿಸಿ, ಗಾಜಿಗೆ ಬೆನ್ನು ಹಾಕಿ ಕೂತಳು.

ಇನ್ನು ಕಾಣುತ್ತಿದ್ದುದು ಒಂದು ಜಡೆ ಮಾತ್ರ. ದೊಡ್ಡಮ್ಮನಿಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವಳಿಗೇ ಬೆನ್ನು ತೋರಿಸುವುದೇ? ಏನು ಮಾಡುವುದು, ಮತ್ತೆ ಸ್ಟೂಲಿಗೆ ಬಂದು ಕೂತರು.

ಹೊರಬಂದವಳನ್ನು ತಡೆದು ಕೇಳಿದರು, “ಕೊರತೆ ಏನು ಅಂದ್ರಾ?”

“ಹೂಂ.”

“ಏನ್ ಹೇಳ್ದೆ ತಾಯಿ?”

“ನಾನು ನಿಧಾನ. ಎರಡೆರಡು ಸಲ ಹೇಳ್ಕೊಡ್ಬೇಕಾಗುತ್ತೆ ಅಂದೆ.”

“ಅಯ್ಯೋ, ಅದನ್ನ ಯಾಕೆ ಹೇಳೋಕ್ಹೋದೆ?” ದೊಡ್ಡಮ್ಮ ಹಣೆ ಚಚ್ಚಿಕೊಂಡರು.

“ನಿಜ ಅಲ್ವಾ ಮಿಸ್?”

ಹಿಂದೆಯೇ ಬಂದ ಯಜಮಾನಿ, “ನನಗೂ ಮೊದಮೊದಲು ನಾಲ್ಕು ಸಲ ಹೇಳ್ಕೊಡ್ಬೇಕಿತ್ತು. ಸೋಮವಾರ ಇವಳನ್ನ ಕರ್ಕೊಂಡು ಬನ್ನಿ ಟೀಚರ್,” ಎಂದಳು.

ದೊಡ್ಡಮ್ಮ ಆಗಲಿ ಎನ್ನಲು ಬಾಯಿ ತೆರೆದಿದ್ದರು. ಅವರಿಗಿಂತ ಮುಂಚೆ ಗುಬ್ಬಿ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದಳು.

“ಮಿಸ್ ಬರೋದು ಬೇಡ. ನಾನೊಬ್ಳೇ ಬರ್ತೀನಿ.”

ದೊಡ್ಡಮ್ಮನಿಗೆ ಚುಚ್ಚಿದಂತಾಯಿತು. ಅಷ್ಟೇ ಖುಷಿಯೂ ಆಯಿತು. ತೆರೆದ ಬಾಯಿಯನ್ನು ಮುಚ್ಚಿಕೊಂಡರು.