ಹತ್ತು ಗಂಟೆಯ ತನಕದ ಬಿಸಿಲು

ನಲ್ಲಿ ಬುಸ್ಸೆಂದು ಗಾಳಿ ಬಿಟ್ಟರೆ ಸಾಕು, ಮೈಗೆ ಸೋಪು ಹಚ್ಚಿಕೊಂಡವರು ಬಚ್ಚಲ ಕಿಟಕಿಯಿಂದಲೇ "ಸೆಕ್ರೆಟರೀ!" ಎಂದು ಕೂಗುತ್ತಿದ್ದರು. ಮೈಲಾಪುರದ ಆ ಹಳೆಯ ಫ್ಲ್ಯಾಟುಗಳ ಸಂಘಕ್ಕೆ ವಿಷ್ಣುತೀರ್ಥನೇ ಸೆಕ್ರೆಟರಿ. ಬೋರ್‌ವೆಲ್ ಮೋಟಾರಿಗೆ ಸೋಲಾರ್ ಹಾಕಿಸೋಣ, ಮದರಾಸಿನಲ್ಲಿ ಬಿಸಿಲಿಗೇನು ಬರವೇ ಎಂದು ಎಲ್ಲರನ್ನೂ ಒಪ್ಪಿಸಿದವನೂ ಅವನೇ. ಆಫೀಸಿಗೆ ಹೋಗಲು ರೈಲು ನಿಲ್ದಾಣದವರೆಗೆ ಇಂದಿಗೂ ಸೈಕಲ್ ತುಳಿಯುವ ಮನುಷ್ಯ. ಹೊಗೆ ಕಂಡರೆ ಅವನಿಗಾಗದು.

ಈಗ ತಾರಸಿಯ ತುಂಬ ನೀಲಿ ಹಲಗೆಗಳು, ಎದೆಯೆತ್ತರದ ಕಬ್ಬಿಣದ ಕಾಲುಗಳ ಮೇಲೆ, ತೆಂಕಣಕ್ಕೆ ಮುಖ ಮಾಡಿ ಒರಗಿಕೊಂಡಿದ್ದವು. ಆದರೆ ಬೆಳಿಗ್ಗೆ ಎಲ್ಲರಿಗೂ ನೀರು ಬೇಕಾದ ಹೊತ್ತಿಗೇ ಮೋಟಾರು ಮುದಿ ಎತ್ತಿನ ಹಾಗೆ ಮುಗ್ಗರಿಸುತ್ತಿತ್ತು. ಹತ್ತು ಗಂಟೆ ದಾಟಿ ಮನೆಗಳೆಲ್ಲ ಖಾಲಿಯಾದ ಮೇಲೆ ಗಡಗಡನೆ ಓಡಿ ಟ್ಯಾಂಕು ಉಕ್ಕಿ ಹರಿಯುವಷ್ಟು ನೀರು ಸುರಿಯುತ್ತಿತ್ತು. ಚಿಕ್ಕ ಟ್ಯಾಂಕು, ರಾತ್ರಿಯೊಳಗೆ ಮತ್ತೆ ಬರಿದು.

ಹಲಗೆ ಹಾಕಿದ ಕಂಪನಿಯ ಸಮೀರ್ ರಿಪೇರಿಗೆ ಬರುತ್ತಿದ್ದ. ಬರುವುದು ಊಟದ ಹೊತ್ತಿಗೇ. ತಂತಿ ಮುಟ್ಟಿ, ಮೀಟರು ನೋಡಿ, "ಎಲ್ಲ ಸರಿಯಾಗಿದೆ ಸಾರ್, ಪಾರಿವಾಳದ ಹಿಕ್ಕೆ ಇರಬೇಕು" ಎಂದು ತಮಿಳಿನಲ್ಲಿ ಹೇಳಿ ಹೋಗುತ್ತಿದ್ದ. ಮರುಸಲವೂ ಅದೇ ಪಾರಿವಾಳ. ಕಂಪನಿಯ ನಂಬರಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒಬ್ಬಳು ಹಾಡುತ್ತಿದ್ದಳು. ವಿಷ್ಣುತೀರ್ಥ ಎಲ್ಲವನ್ನೂ ಒತ್ತಿ ನೋಡಿದ್ದ.

ನೆಲ ಅಂತಸ್ತಿನ ಚನ್ನವೀರಪ್ಪ ಹುಬ್ಬಳ್ಳಿ ಕಡೆಯವರು, ಮೆಣಸಿನಕಾಯಿ ವ್ಯಾಪಾರಿ. ಮೊದಲಿನಿಂದಲೂ ಡೀಸೆಲ್ ಜನರೇಟರ್ ಪಕ್ಷ. ಮೆಟ್ಟಿಲ ಬಳಿ ಅಡ್ಡ ನಿಂತು ಕೇಳುತ್ತಿದ್ದರು: "ಏನ್ರೀ ಸೆಕ್ರೆಟರಿ ಸಾಹೇಬ್ರ, ನಿಮ್ಮ ಸೂರ್ಯಾನೂ ಗೌರ್ಮೆಂಟ್ ನೌಕರೀಗೆ ಸೇರ್ಕೊಂಡಾನೇನ್ರಿ? ಹತ್ತಕ್ಕ ಬರ್ತಾನ?"

"ಸ್ವಲ್ಪ ಸೈರಿಸ್ಕೊಳಿ ಸಾರ್, ನೋಡ್ತಾ ಇದಾರೆ."

"ಸೈರಿಸ್ಕೊಂಡು ಸೈರಿಸ್ಕೊಂಡು ನನ್ನ ಮೈಗೆ ಸೋಪು ಒಣಗಿ ಹಪ್ಪಳ ಆಗೇತ್ರಿ."

ಕೊನೆಗೆ ಸಂಘದವರು ಗಡುವು ಹಾಕಿದರು. ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆಯೇ ಸಭೆ. ಮೋಟಾರು ಎಲ್ಲರ ಕಣ್ಣೆದುರು ಓಡಬೇಕು. ಓಡದಿದ್ದರೆ ಹಲಗೆಗಳು ಕಂಪನಿಗೆ ವಾಪಸು, ಹಿತ್ತಲಿಗೆ ಜನರೇಟರ್. ಜನರೇಟರ್ ಬಂದರೆ ಕೂರುವುದು ವಿಷ್ಣುತೀರ್ಥನ ಮಲಗುವ ಕೋಣೆಯ ಕಿಟಕಿಯ ನೇರಕ್ಕೆ. ಅದಕ್ಕಿಂತಲೂ, ಇನ್ನು ಆ ಕಟ್ಟಡದಲ್ಲಿ ಅವನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು.

ಭಾನುವಾರ ಎಲ್ಲರೂ ಮೆಟ್ಟಿಲು ಹತ್ತಿದರು. ಗದರಿ ಕರೆಸಿದ್ದರಿಂದ ಸಮೀರನೂ ಅಂದು ಬೆಳಿಗ್ಗೆಯೇ ಬಂದಿದ್ದ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮುಂದೆ ಹೋದ ಚನ್ನವೀರಪ್ಪ ತಾರಸಿಯ ಬಾಗಿಲಲ್ಲೇ ನಿಂತುಬಿಟ್ಟರು.

ನೀಲಿ ಹಲಗೆಗಳ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಒದ್ದೆಯ ಒಂಬತ್ತು ಗಜದ ಸೀರೆ ಸುಕ್ಕಿಲ್ಲದಂತೆ ಹರಡಿತ್ತು. ಕೆಳಸಾಲಿನಲ್ಲಿ ಇನ್ನೊಂದು ಸೀರೆ. ಪಕ್ಕದಲ್ಲಿ ವಿಷ್ಣುತೀರ್ಥನ ತಾಯಿ ಗೋದಾಬಾಯಿ, ಒದ್ದೆ ಬಟ್ಟೆಯಲ್ಲೇ, ಕೈಯಲ್ಲಿ ಮಡಿಕೋಲು ಹಿಡಿದು ನಿಂತಿದ್ದರು.

"ಅಲ್ಲೇ ನಿಲ್ಲಿ ಎಲ್ರೂ! ಮಡಿ ಒಣಗ್ತಾ ಇದೆ, ಮುಟ್ಟೀರಿ!"

ಸಮೀರ್ ಹಲಗೆಗಳನ್ನೂ ಸೀರೆಯನ್ನೂ ನೋಡಿ, ಕೈಯಲ್ಲಿದ್ದ ಮೀಟರನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ.

"ಅಮ್ಮಾ," ವಿಷ್ಣುತೀರ್ಥನ ದನಿ ಏರಿತು, "ಇದರ ಮೇಲೆ ಯಾಕಮ್ಮಾ? ಊರಿಗೆಲ್ಲ ನೀರಿಲ್ಲ ಅಂತ ನಾನು ತಲೆ ಚಚ್ಕೋತಾ ಇದೀನಿ, ನೀನು ದಿನಾ ಇಲ್ಲಿ..."

"ಮತ್ತೆಲ್ಲೋ ಹಾಕ್ಲಿ? ಮಡಿ ಒಣಗಿಸೋ ಗಳ ಕಟ್ಟಿದ್ದ ಕಂಬ ಈ ಹಲಗೆಗೋಸ್ಕರ ಕೀಳಿಸಿದ್ದು ಯಾರು, ನಾನಾ? ಬೇರೆ ಕಟ್ಟಿಸ್ಕೊಡ್ತೀನಿ ಅಂದೆ. ಕಟ್ಟಿಸ್ದೆಯಾ?"

ವಿಷ್ಣುತೀರ್ಥ ಕಂಬ ಕಿತ್ತ ಜಾಗದ ಸಿಮೆಂಟು ತೇಪೆಯನ್ನು ನೋಡಿದ.

"ಇದು ಎತ್ತರ ಇದೆ, ಯಾರೂ ಮುಟ್ಟಲ್ಲ, ಗಾಜು, ಕಂಪನಿಯೋರು ಬೇರೆ ತೊಳೆದಿಟ್ಟಿರ್ತಾರೆ. ಹತ್ತು ಗಂಟೆಗೆಲ್ಲ ಗರಿಗರಿ ಒಣಗತ್ತೆ. ನೀನು ಇಷ್ಟು ವರ್ಷದಲ್ಲಿ ಮಾಡಿಸಿದ ಒಳ್ಳೇ ಕೆಲಸ ಇದೊಂದೇ ಅಂತಿದ್ದೆ ನಾನು."

ಚನ್ನವೀರಪ್ಪ ಬಾಗಿಲ ಪಕ್ಕದ ಟ್ಯಾಂಕಿನ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡರು. "ಯಪ್ಪಾ ಶಿವನೇ! ಸೂರ್ಯನ ಮಾರಿಗೆ ಸೀರಿ ಹೊಚ್ಚ್ಯಾರಲ್ರೀ ಅಮ್ಮಾರು!"

ಸೀರೆ ತೆಗೆಯೋಣವೆಂದರೆ ಮಡಿಯಲ್ಲಿಲ್ಲದವರು ಮುಟ್ಟುವಂತಿಲ್ಲ. ಒಣಗದೆ ಗೋದಾಬಾಯಿ ತೆಗೆಯುವುದಿಲ್ಲ. ಸಭೆಯೆಲ್ಲ ಬಾಗಿಲ ನೆರಳಿನಲ್ಲಿ ಒತ್ತೊತ್ತಾಗಿ ನಿಂತು ಎರಡು ಸೀರೆ ಒಣಗುವುದನ್ನು ಕಾಯಿತು. ಕಣದಲ್ಲಿ ಗಾಳಿಗಾಗಿ ಕಾಯುವ ರೈತರಾದರೂ ಬೀಡಿ ಸೇದುತ್ತಾರೆ. ಇವರಿಗೆ ಅದೂ ಇರಲಿಲ್ಲ. ವಿಷ್ಣುತೀರ್ಥ ಯಾರ ಮುಖವನ್ನೂ ನೋಡಲಿಲ್ಲ.

ಅಂತೂ ಗೋದಾಬಾಯಿ ಕೋಲಿನಿಂದ ಸೀರೆಗಳನ್ನು ಒಂದೊಂದಾಗಿ ಎತ್ತಿಕೊಂಡರು. ಕೆಳಗೆ ಮೋಟಾರು ಗುಟುರು ಹಾಕಿತು. ಟ್ಯಾಂಕಿನೊಳಗೆ ದಪ್ಪ ಧಾರೆ ಧುಮುಕುವ ಸದ್ದು ಎಲ್ಲರಿಗೂ ಕೇಳಿಸಿತು.

"ಓಡ್ತದಲ್ಲೋ!" ಎಂದರು ಚನ್ನವೀರಪ್ಪ, ಸ್ವಲ್ಪ ಬೇಜಾರಿನಿಂದಲೇ. "ಆದ್ರ ನಾಳಿಗೇನ್ರಿ? ಅಮ್ಮಾರು ನಾಳೆ ಒಗಿಯಂಗಿಲ್ಲೇನು?"

ಅದೇ ಪ್ರಶ್ನೆ. ಹಲಗೆಗಳ ಮುಂದೆ ಗಳ ಕಟ್ಟಿದರೆ ನೆರಳು, ಹಿಂದೆ ಕಟ್ಟಿದರೆ ಬಿಸಿಲಿಲ್ಲ. ಹಿತ್ತಲು ಬೇಡವೆಂದರು ಗೋದಾಬಾಯಿ. ಅಲ್ಲಿ ನಾಯಿ, ಡ್ರೈವರುಗಳು, ಚಪ್ಪಲಿ. ಉಳಿದದ್ದು ಟ್ಯಾಂಕಿನ ನೆತ್ತಿ, ಬಡಗಣ ಮೂಲೆ. ಅಲ್ಲಿಂದ ನೆರಳು ಹಲಗೆಗೆ ಬೀಳದು. ಆದರೆ ಅಲ್ಲಿಗೆ ನೆಟ್ಟಗಿನ ಕಬ್ಬಿಣದ ಏಣಿ. ಗೋದಾಬಾಯಿಯ ಮಂಡಿಗಳು ಅದನ್ನು ಹತ್ತಲಾರವು.

"ಮಡಿ ಬಟ್ಟೆ ಮಡೀಲಿರೋನೇ ಒಯ್ಯಬೇಕು," ಎಂದರು ಗೋದಾಬಾಯಿ, ಮಗನ ಕಡೆ ನೋಡದೆ.

ಎಲ್ಲರೂ ಸೆಕ್ರೆಟರಿಯ ಕಡೆ ನೋಡಿದರು. ಕಿಟಕಿಯ ಕೆಳಗೆ ಜನರೇಟರ್ ಗುಡುಗುವುದನ್ನು ಅವನು ಒಮ್ಮೆ ಊಹಿಸಿಕೊಂಡ.

"ಸರಿ, ನಾನೇ ಹಾಕ್ತೀನಿ. ದಿನಾ. ಆಯ್ತಾ?"

"ಬರ್ಕೊಳ್ರಿ," ಎಂದರು ಚನ್ನವೀರಪ್ಪ. "ಸಭಾದಾಗ ಒಪ್ಪ್ಯಾರ. ಒಂದಿನ ತಪ್ಪಿದ್ರ ಜನರೇಟರ್."

ಮರುದಿನ ಹೊತ್ತು ಮೂಡುವಾಗ ವಿಷ್ಣುತೀರ್ಥ ತಣ್ಣೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ, ಹೆಗಲ ಮೇಲೆ ನೀರು ಸೋರುವ ಸೀರೆ ಹೊತ್ತು ತಾರಸಿಗೆ ಬಂದ. ಶ್ರಾದ್ಧದ ದಿನ ಬಿಟ್ಟರೆ ಅವನು ಮಡಿಯುಟ್ಟು ಎಷ್ಟೋ ಕಾಲವಾಗಿತ್ತು. ಏಣಿಯ ಬದಿಗೆ ಯಾರೋ ಹಿಂದಿನ ದಿನದ ಪ್ಯಾಂಟೊಂದನ್ನು ಒಣಹಾಕಿ ಮರೆತಿದ್ದರು. ಅದರ ಕಾಲು ಗಾಳಿಗೆ ಹಾರಿ ಅವನ ಹೆಗಲನ್ನು ಸವರಿತು. ಯಾರೂ ನೋಡಲಿಲ್ಲವೆಂದುಕೊಂಡು ಒಂದು ಮೆಟ್ಟಿಲು ಏರಿದ.

"ತಗುಲ್ತು," ಎಂದರು ಬಾಗಿಲಲ್ಲಿ ಕೂತಿದ್ದ ಗೋದಾಬಾಯಿ.

"ಇಲ್ಲಮ್ಮಾ, ಸುಮ್ನೆ ಗಾಳಿ..."

"ತಗುಲ್ತು ಕಣೋ. ನಾನು ನೋಡ್ದೆ. ಇಳಿ. ನೀನೂ ಸ್ನಾನ ಮಾಡು, ಸೀರೇನೂ ಮತ್ತೆ ಜಾಲಿಸು."

ವಿಷ್ಣುತೀರ್ಥ ಏಣಿಯನ್ನು ಹಿಡಿದು ಕಣ್ಣು ಮುಚ್ಚಿ ನಿಂತ. ಬಿಸಿಲು ಆಗತಾನೆ ಹಲಗೆಗಳ ಅಂಚಿಗೆ ಬಂದಿತ್ತು. ಕೆಳಗೆ ಮೋಟಾರು ಒಮ್ಮೆ ಮುಗ್ಗರಿಸಿ, ಸಾವರಿಸಿಕೊಂಡು ಓಡತೊಡಗಿತು. ಅವನು ಇಳಿದು, ಸೀರೆಯನ್ನು ಹೊತ್ತುಕೊಂಡೇ, ಬಚ್ಚಲಿಗೆ ನಡೆದ.